ಬೀದಿಯ ಕೊರಳು

ವಾರ್ಷಿಕ ಸಂಚಿಕೆಗೆ ಲೇಖನಗಳು ಬೇಕೆಂಬ ಪ್ರಕಟಣೆ ಫಲಕದ ಮೇಲೆ ಕಾಣಿಸಿಕೊಂಡೊಡನೆ ನಮ್ಮ ಕಾಲೇಜಿನಲ್ಲಿ ಎರಡು ಪಂಗಡಗಳಾಗುತ್ತವೆ. ಗ್ರಂಥಾಲಯದ ಮಹತ್ವ, ವಿದ್ಯಾರ್ಥಿ ಮತ್ತು ಶಿಸ್ತು, ನಾ ಕಂಡ ಹಂಪೆ ಇವುಗಳ ಮೇಲೆ ಬರೆಯುವವರದು ಒಂದು. ಏನನ್ನೂ ಬರೆಯದೆ, ಸಂಚಿಕೆ ಬಂದ ಮೇಲೆ ತಮ್ಮ ತರಗತಿಯ ಭಾವಚಿತ್ರವನ್ನು ಮಾತ್ರ ಹುಡುಕುವವರದು ಇನ್ನೊಂದು. ಎರಡು ವರ್ಷ ನಾನು ಎರಡನೆಯ ಪಂಗಡದಲ್ಲಿ ಸುಖವಾಗಿದ್ದೆ. ಇದು ಕಡೆಯ ವರ್ಷ. ಇನ್ನು ಈ ಪುಟಗಳಲ್ಲಿ ನನಗೆ ಜಾಗ ಸಿಗದು. ಆದುದರಿಂದ ಯಾರೂ ಕೇಳದ ಒಂದು ವಿಷಯದ ಮೇಲೆ ಬರೆಯುವ ಧೈರ್ಯ ಮಾಡಿದ್ದೇನೆ. ವಿಷಯ ಒಂದು ಹಾಡಿನ ಸಂಪುಟ. ಅದರಲ್ಲಿ ರಾಗವಿಲ್ಲ ಎನ್ನುವವರಿದ್ದಾರೆ, ಹಾಡೇ ಇಲ್ಲ ಎನ್ನುವವರೂ ಇದ್ದಾರೆ. 2019ರಲ್ಲಿ ಇಬ್ಬರು ತರುಣರು ಸೇರಿ ತಮಿಳಿನಲ್ಲಿ ತಂದ ಮೊದಲ ಸಂಪುಟ ಅದು. ಹೆಸರು ‘ತೆರುಕ್ಕುರಲ್’. ಅರಿವು ಎಂಬವರು ಮಾತು ಕಟ್ಟಿ ಹೇಳಿದವರು. ಆಫ್ರೋ ಎಂದು ಕರೆಸಿಕೊಳ್ಳುವ ರೋಹಿತ್ ಅಬ್ರಹಾಂ ಅದಕ್ಕೆ ನಾದ ಕಟ್ಟಿದವರು.

ಸರಕಾರಿ ಕಾಲೇಜಿನ ಕನ್ನಡ ಸಂಚಿಕೆಯಲ್ಲಿ ತಮಿಳು ಹಾಡಿಗೇನು ಕೆಲಸ ಎಂದು ವಾಚಕರು ಕೇಳಬಹುದು. ಹೊರಗಿನವರಾದರೆ ಕೇಳಬೇಕಾದುದೇ. ಆದರೆ ನಂದಿದುರ್ಗದ ಲೈನುಗಳಲ್ಲಿ ಹುಟ್ಟಿದವರಿಗೆ ಅದು ಪ್ರಶ್ನೆಯೇ ಅಲ್ಲ. ಇಲ್ಲಿ ಮನೆಯೊಳಗೆ ತಮಿಳು, ಅಂಗಡಿಯಲ್ಲಿ ತೆಲುಗು, ಶಾಲೆಯಲ್ಲಿ ಕನ್ನಡ, ರೈಲಿನಲ್ಲಿ ಎಲ್ಲವೂ. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಜಾನ್ ಟೇಲರ್ ಕಂಪನಿಯವರು ಇಲ್ಲಿ ಚಿನ್ನದ ಗಣಿಗಳನ್ನು ನಡೆಸತೊಡಗಿದಾಗ, ಭೂಮಿಯೊಳಗೆ ಇಳಿಯಲು ಜನ ಬಂದದ್ದು ಉತ್ತರ ಆರ್ಕಾಟು, ಚಿತ್ತೂರು, ಸೇಲಂ ಕಡೆಗಳಿಂದ. ಅವರಲ್ಲಿ ಬಹುಮಂದಿ ಊರಿನ ಹೊರಗೆ ಇಡಲ್ಪಟ್ಟವರು. ಊರಿನ ಬಾವಿಯಲ್ಲಿ ನೀರು ಸಿಗದವರಿಗೆ ಭೂಮಿಯ ಹೊಟ್ಟೆಯಲ್ಲಿ ಕೂಲಿ ಸಿಕ್ಕಿತು. 1902ರಲ್ಲಿ ಶಿವನಸಮುದ್ರದಿಂದ ವಿದ್ಯುತ್ತು ಮೊದಲು ಹರಿದು ಬಂದದ್ದು ಈ ಗಣಿಗಳಿಗೆ. ಚಾಂಪಿಯನ್ ರೀಫ್ ಗಣಿ ಮೂರು ಕಿಲೋಮೀಟರಿಗೂ ಆಳಕ್ಕೆ ಇಳಿಯಿತು. ನೂರಿಪ್ಪತ್ತು ವರ್ಷಗಳ ಕಾಲ 800 ಟನ್ನಿಗೂ ಹೆಚ್ಚು ಚಿನ್ನ ಮೇಲೆ ಬಂತು. 2001ರ ಫೆಬ್ರವರಿ 28ರಂದು ಕೆಲಸ ನಿಂತಿತು. ನಾನು ಹುಟ್ಟಿದ್ದು ಅದರ ನಂತರ. ನಮಗೆ ಉಳಿದದ್ದು ಲೈನ್ ಮನೆಗಳು, ಬೂದುಬಣ್ಣದ ಸಯನೈಡ್ ಗುಡ್ಡಗಳು, ಮತ್ತು ಬೆಳಗಿನ ರೈಲು.

ಆ ರೈಲಿನ ವಿಷಯ ಇಲ್ಲಿನ ಯಾರಿಗೂ ಹೇಳಬೇಕಾಗಿಲ್ಲ. ಮಾರಿಕುಪ್ಪಂ, ಚಾಂಪಿಯನ್, ಊರಿಗಾಂ, ಕೋರಮಂಡಲ್, ಬೆಮೆಲ್ ನಗರ ಇಷ್ಟು ನಿಲ್ದಾಣಗಳು ಮುಗಿಯುವಷ್ಟರಲ್ಲಿ ಕೂರಲು ಜಾಗವಿರುವುದಿಲ್ಲ; ಬಂಗಾರಪೇಟೆಗೆ ಬರುವಾಗ ನಿಲ್ಲಲೂ ಇರುವುದಿಲ್ಲ. ತಾತ ಕೇಜಿನಲ್ಲಿ ಭೂಮಿಯೊಳಗೆ ಇಳಿದು ದುಡಿದು ಬಂದಂತೆ, ಅಪ್ಪ ಆ ರೈಲಿನಲ್ಲಿ ಬೆಂಗಳೂರಿಗೆ ಹೋಗಿ ದುಡಿದು ಬರುತ್ತಾರೆ. ನಮ್ಮ ಅಣ್ಣನೂ 2019ರಲ್ಲಿ ಪಿ.ಯು.ಸಿ. ಮುಗಿಸಿ, ಮುಂದೆ ಓದದೆ, ವೈಟ್‌ಫೀಲ್ಡಿನ ಒಂದು ಗೋಡೌನಿಗೆ ಸೇರಿದ. “ಇಬ್ಬರನ್ನು ಓದಿಸಲಾಗದು” ಎಂದು ಮನೆಯಲ್ಲಿ ಯಾರೂ ಹೇಳಲಿಲ್ಲ. ಹೇಳುವ ಮೊದಲೇ ಅವನು ಟಿಫನ್ ಬಾಕ್ಸ್ ಹಿಡಿದು ಹೊರಟಿದ್ದ. ಈ ಸಂಪುಟವನ್ನು ನನ್ನ ಕಿವಿಗೆ ತಂದವನು ಅವನೇ. ರೈಲಿನಲ್ಲಿ ಜೊತೆಗಾರರೊಬ್ಬರು ಅವನಿಗೆ ಕೇಳಿಸಿದ್ದರಂತೆ. 2020ರ ಮಾರ್ಚಿಯಲ್ಲಿ ರೈಲುಗಳೆಲ್ಲ ನಿಂತು ಅವನು ತಿಂಗಳುಗಟ್ಟಲೆ ಮನೆಯಲ್ಲಿ ಉಳಿದಾಗ, ನಮ್ಮ ಮನೆಯಲ್ಲಿದ್ದ ಒಂದೇ ಇಯರ್‌ಫೋನಿನ ಒಂದು ತುದಿ ಅವನ ಕಿವಿಗೆ, ಇನ್ನೊಂದು ನನ್ನ ಕಿವಿಗೆ. ಹೀಗೆ ಒಂದು ಜೋಡಿ ಮಾಡಿದ್ದನ್ನು ಇನ್ನೊಂದು ಜೋಡಿ ಕೇಳಿತು.

ಈ ಬಗೆಯ ಹಾಡುಗಾರಿಕೆಗೆ ರ್ಯಾಪ್ ಎಂದು ಹೆಸರು. ಅದರ ಸುತ್ತಲಿನ ನಾದ, ಕುಣಿತ, ಗೋಡೆಚಿತ್ರ ಎಲ್ಲ ಸೇರಿದರೆ ಹಿಪ್ ಹಾಪ್. ಅದರ ಹುಟ್ಟಿನ ಕತೆ ನನಗೆ ಬಹಳ ಪ್ರಿಯವಾದುದು. 1973ರ ಆಗಸ್ಟ್ 11ರಂದು ನ್ಯೂಯಾರ್ಕ್ ನಗರದ ಬ್ರಾಂಕ್ಸ್ ಭಾಗದಲ್ಲಿ, ಸೆಡ್ಜ್‌ವಿಕ್ ಅವೆನ್ಯೂ ರಸ್ತೆಯ 1520ನೆಯ ನಂಬರಿನ ವಠಾರದಲ್ಲಿ, ಸಿಂಡಿ ಕ್ಯಾಂಪ್‌ಬೆಲ್ ಎಂಬ ಹುಡುಗಿ ಒಂದು ಕೂಟ ಏರ್ಪಡಿಸಿದಳು. ಶಾಲೆ ತೆರೆಯುವ ಮುನ್ನ ಹೊಸ ಬಟ್ಟೆಗೆ ದುಡ್ಡು ಕೂಡಿಸುವುದು ಅವಳ ಉದ್ದೇಶ. ಹಾಡಿನ ತಟ್ಟೆ ತಿರುಗಿಸಲು ಅವಳ ಅಣ್ಣ ಬಂದ. ಕೂಲ್ ಹರ್ಕ್ ಎಂದು ಅವನಿಗೆ ಹೆಸರು; ಜಮೈಕಾದಿಂದ ಬಂದ ಕುಟುಂಬ. ಹಾಡಿನ ನಡುವೆ ದನಿ ನಿಂತು ತಾಳವಾದ್ಯ ಮಾತ್ರ ನುಡಿಯುವ ಭಾಗ ಬಂದಾಗ ಜನ ಹೆಚ್ಚು ಕುಣಿಯುವುದನ್ನು ಅವನು ಗಮನಿಸಿದ್ದ. ಒಂದೇ ಹಾಡಿನ ಎರಡು ತಟ್ಟೆಗಳನ್ನು ಎರಡು ಯಂತ್ರಗಳ ಮೇಲಿಟ್ಟು, ಒಂದರಲ್ಲಿ ಆ ಭಾಗ ಮುಗಿದೊಡನೆ ಇನ್ನೊಂದರಲ್ಲಿ ಅದನ್ನೇ ಮೊದಲಿಡುತ್ತಿದ್ದ. ಹಾಗೆ ಕೆಲವೇ ಕ್ಷಣಗಳ ತಾಳ ಎಷ್ಟು ಹೊತ್ತಾದರೂ ನಡೆಯುವಂತಾಯಿತು. ಆ ತಾಳದ ಮೇಲೆ ಮುಂದೆ ಜನ ಮಾತಾಡತೊಡಗಿದರು, ಮಾತು ಪ್ರಾಸವಾಯಿತು. ತಂಗಿಯ ಶಾಲೆಯ ಬಟ್ಟೆಗಾಗಿ ಅಣ್ಣ ಮಾಡಿದ ಕೆಲಸದಿಂದ ಒಂದು ಕಲೆಯೇ ಹುಟ್ಟಿತೆಂದರೆ, ಟಿಫನ್ ಬಾಕ್ಸ್ ಹಿಡಿದು ಹೊರಟ ಅಣ್ಣನ ತಂಗಿಗೆ ಅದು ಹೇಗೆ ಕೇಳಿಸುತ್ತದೆಂಬುದನ್ನು ವಾಚಕರೇ ಊಹಿಸಬಹುದು.

ಈ ಕಲೆಯಲ್ಲಿ ಜೋಡಿಗಳಿಗೆ ವಿಶೇಷ ಸ್ಥಾನವಿದೆ. ಎರಿಕ್ ಸರ್ಮನ್, ಪ್ಯಾರಿಶ್ ಸ್ಮಿತ್ ಎಂಬ ಇಬ್ಬರು ಇ.ಪಿ.ಎಂ.ಡಿ. ಎಂಬ ಹೆಸರಿನಲ್ಲಿ 1988ರಲ್ಲಿ ತಂದ ‘ಸ್ಟ್ರಿಕ್ಟ್ಲಿ ಬಿಸಿನೆಸ್’ ಎಂಬ ಮೊದಲ ಸಂಪುಟ ಈಗಲೂ ಮಾದರಿಯೆನಿಸಿದೆ. ಅದಕ್ಕಿಂತ ನನಗೆ ಹತ್ತಿರವಾದವರು ದಾಸ್ ಇಫೆಕ್ಟ್ಸ್ ಎಂಬ ಜೋಡಿ. ವರ್ಜೀನಿಯಾದ ಒಂದು ಕಾಲೇಜಿನಲ್ಲಿ ಓದುತ್ತಿದ್ದ ಇಬ್ಬರು ಹುಡುಗರು. ಒಬ್ಬನ ಹೆಸರು ಡ್ರೇಜ್. ಇನ್ನೊಬ್ಬ ಸ್ಕೂಬ್, ಅಂದರೆ ಪುಸ್ತಕಗಳು ಎಂಬ ಇಂಗ್ಲಿಷ್ ಮಾತನ್ನು ಹಿಂದುಮುಂದು ಮಾಡಿದ್ದು. ಒಂದು ಸ್ಪರ್ಧೆಯಲ್ಲಿ ಅವರು ಹಾಡಿದರು. ತೀರ್ಪುಗಾರರಾಗಿ ಕುಳಿತಿದ್ದವರು ಇ.ಪಿ.ಎಂ.ಡಿ. ಜೋಡಿ. ಬಹುಮಾನ ಇವರಿಗೆ ಬರಲಿಲ್ಲ. ಆದರೆ ಅವಕಾಶ ಇವರಿಗೇ ಬಂತು. 1992ರಲ್ಲಿ ಹೊರಬಂದ ಅವರ ಮೊದಲ ಸಂಪುಟ ‘ಡೆಡ್ ಸೀರಿಯಸ್’ ಹತ್ತು ಲಕ್ಷಕ್ಕೂ ಮೇಲೆ ಮಾರಾಟವಾಯಿತು. ಪದದ ನಡುವೆ, ಕೊನೆಯಲ್ಲಿ, ಅರ್ಥವಿಲ್ಲದ ಅಕ್ಷರಗಳನ್ನು ಸೇರಿಸಿ ನಾಲಿಗೆಯನ್ನು ಉರುಳಿಸುವುದು ಅವರ ರೀತಿ. ನಾವು ಚಿಕ್ಕವರಿದ್ದಾಗ ದೊಡ್ಡವರಿಗೆ ತಿಳಿಯಬಾರದೆಂದು ಪ್ರತಿ ಅಕ್ಷರಕ್ಕೂ ‘ಕ’ ಸೇರಿಸಿ ಮಾತಾಡುತ್ತಿದ್ದೆವಲ್ಲ, ಆ ಕ-ಭಾಷೆಯ ದೊಡ್ಡಣ್ಣನೆನ್ನಬಹುದು. ಹೆಸರಾಂತ ಹಾಡುಗಾರರೂ ಅದನ್ನು ಅನುಕರಿಸತೊಡಗಿದರು. ಎಲ್ಲರೂ ಅನುಕರಿಸಿದಾಗ ಆ ಜೋಡಿಯೇ ಮರುವರ್ಷದ ತಮ್ಮ ಎರಡನೆಯ ಸಂಪುಟದಲ್ಲಿ ಅದನ್ನು ಬಹಳ ಮಟ್ಟಿಗೆ ಕೈಬಿಟ್ಟಿತು. ಅಟ್ಟದ ಮೇಲಿನ ಇಂಗ್ಲಿಷನ್ನಲ್ಲ, ಮಕ್ಕಳ ಪ್ರಾಸ, ಜಾಹೀರಾತು, ದೂರದರ್ಶನದ ಮಾತು, ಬೀದಿಯ ಜಗಳ ಇವನ್ನು ಹಿಡಿದು ಕಾಲೇಜಿನ ಹುಡುಗರಿಬ್ಬರು ಗೆದ್ದರೆಂಬುದು ಅದರ ಸಾರ.

ನಮ್ಮ ದೇಶದಲ್ಲಿಯೂ ಇದು ಬಹುದಿನದಿಂದ ಇದೆ. ನಮ್ಮ ಬೆಂಗಳೂರಿನ ಬ್ರೋಧ ವಿ. ಮತ್ತು ಸ್ಮೋಕಿ ದಿ ಘೋಸ್ಟ್ ಎಂಬವರು ‘ಮಚಾಸ್ ವಿತ್ ಆಟಿಟ್ಯೂಡ್’ ಎಂಬ ತಂಡದಲ್ಲಿ ಇದ್ದವರು. ದೆಹಲಿಯ ಸೀಧೇ ಮೌತ್ ಎಂಬ ಜೋಡಿಯ ಮೊದಲ ಸಂಪುಟ ‘ಬಯಾನ್’ 2018ರಲ್ಲಿ ಬಂತು. ಇವುಗಳನ್ನೆಲ್ಲ ಅಣ್ಣ ಕೇಳಿಸಿದ. ಚೆನ್ನಾಗಿದ್ದವು. ಆದರೆ ಕೇಳಿ ಕಿವಿಯಿಂದ ತೆಗೆದಿಟ್ಟ ಮೇಲೂ ಒಳಗೆ ನಡೆಯುತ್ತಲೇ ಇದ್ದುದು ‘ತೆರುಕ್ಕುರಲ್’ ಒಂದೇ.

ಮೊದಲು ಹೆಸರನ್ನೇ ನೋಡಿ. ತಮಿಳರಿಗೆ ‘ತಿರುಕ್ಕುರಳ್’ ಎಂದರೆ ತಿರುವಳ್ಳುವರ 1330 ದ್ವಿಪದಿಗಳ ಮಹಾಗ್ರಂಥ. ಅದರಲ್ಲಿನ ‘ಕುರಳ್’ ಎಂದರೆ ಗಿಡ್ಡನೆಯದು, ಎರಡೇ ಸಾಲಿನದು. ‘ತಿರು’ ಎಂಬ ಶ್ರೀಕಾರ ತೆಗೆದು ‘ತೆರು’ ಎಂದರು, ಅಂದರೆ ಬೀದಿ. ‘ಕುರಳ್’ ತೆಗೆದು ‘ಕುರಲ್’ ಎಂದರು, ಅಂದರೆ ದನಿ. ಶ್ರೀಗ್ರಂಥ ಹೋಗಿ ಬೀದಿಯ ದನಿಯಾಯಿತು. ಇದು ಬರಿಯ ಕುಚೋದ್ಯವೆಂದು ನಾನು ಭಾವಿಸಿದ್ದೆ. ಮೊದಲನೆಯ ಬಿ.ಎ. ತರಗತಿಯಲ್ಲಿ ನಮ್ಮ ಕನ್ನಡ ಅಧ್ಯಾಪಕರು ದ್ರಾವಿಡ ಭಾಷೆಗಳ ಸಂಬಂಧ ಹೇಳುತ್ತ, ತಮಿಳಿನ ಪಕಾರ ಕನ್ನಡದಲ್ಲಿ ಹಕಾರವಾಗುವುದನ್ನು ವಿವರಿಸಿದರು. ಪಾಲ್ ಹಾಲು, ಪುಲಿ ಹುಲಿ, ಪಾಟ್ಟು ಹಾಡು. ನಾನು ಎದ್ದು ‘ಕುರಲ್’ ಎಂಬುದಕ್ಕೆ ಕನ್ನಡದಲ್ಲಿ ಏನು ಎಂದು ಕೇಳಿದೆ. ಅವರು ತಮ್ಮ ಕತ್ತನ್ನು ಮುಟ್ಟಿ ತೋರಿಸಿ, “ಕೊರಳು” ಎಂದರು. ಮನೆಯ ಮಾತೂ ತರಗತಿಯ ಮಾತೂ ಒಂದೇ ಗಂಟಲಿನಿಂದ ಬಂದವೆಂದು ನನಗೆ ತಿಳಿದದ್ದು ಆ ದಿನ. ಅಲ್ಲಿಯವರೆಗೆ ಕನ್ನಡ ನನಗೆ ಪರೀಕ್ಷೆಯ ಭಾಷೆಯಾಗಿತ್ತು. ತರಗತಿಯಲ್ಲಿ ನಾನು ಬಾಯಿಬಿಟ್ಟರೆ ಉಚ್ಚಾರಕ್ಕೆ ನಗುವವರಿದ್ದರು. ಮನೆಯಲ್ಲಿ ಪುಸ್ತಕದ ಕನ್ನಡ ಆಡಿದರೆ ಅಲ್ಲಿಯೂ ನಗುವವರಿದ್ದರು. ಈಗ ಎರಡು ನಗುಗಳ ನಡುವೆ ನಿಲ್ಲಲು ಒಂದು ಅಂಗುಲ ಜಾಗ ಸಿಕ್ಕಿತು.

ತಿರುವಳ್ಳುವರ ಮೂರ್ತಿ ಬೆಂಗಳೂರಿನ ಹಲಸೂರಿನಲ್ಲಿ ಹದಿನೆಂಟು ವರ್ಷ ಮುಸುಕು ಹೊದ್ದು ನಿಂತಿತ್ತೆಂಬುದು ಹಿರಿಯರಿಗೆ ನೆನಪಿರಬಹುದು. 2009ರ ಆಗಸ್ಟಿನಲ್ಲಿ ಆ ಮುಸುಕು ತೆಗೆದರು. ಅದೇ ವಾರ ಚೆನ್ನೈಯಲ್ಲಿ ನಮ್ಮ ಸರ್ವಜ್ಞನ ಮೂರ್ತಿಯೂ ಅನಾವರಣಗೊಂಡಿತು. ಎರಡು ರಾಜ್ಯಗಳು ಬಹುಕಾಲದ ಮುನಿಸಿನ ಬಳಿಕ ಒಬ್ಬೊಬ್ಬ ಕವಿಯನ್ನು ಬದಲಾಯಿಸಿಕೊಂಡವು. ಒಬ್ಬನದು ದ್ವಿಪದಿ, ಇನ್ನೊಬ್ಬನದು ತ್ರಿಪದಿ. ಸರ್ವಜ್ಞನೂ ಬೀದಿ ಬೀದಿ ತಿರುಗಿದವನೇ, ಯಾರ ಮುಖವನ್ನೂ ನೋಡದೆ ನುಡಿದವನೇ. ಅವನ ಕಾಲದಲ್ಲಿ ತಟ್ಟೆ ತಿರುಗಿಸುವ ಜೊತೆಗಾರನೊಬ್ಬನಿದ್ದಿದ್ದರೆ ಏನಾಗುತ್ತಿತ್ತೋ ನಾನರಿಯೆ.

ಇನ್ನು ಒಳಗಿನ ಹೂರಣ. ಅರಿವು ಅವರು ಅರಕ್ಕೋಣದವರು. ಚೆನ್ನೈಯಿಂದ ಸುಮಾರು 70 ಕಿಲೋಮೀಟರು ದೂರದ ಈ ಊರು ಹಳೆಯ ಉತ್ತರ ಆರ್ಕಾಟಿಗೆ ಸೇರಿದ್ದು. ಚೆನ್ನೈಯಿಂದ ಹೊರಟು ಕಾಟಪಾಡಿ, ಜೋಲಾರಪೇಟೆ ದಾಟಿ ನಮ್ಮ ಬಂಗಾರಪೇಟೆಗೆ ಬರುವ ಹಳಿಯ ಮೇಲೆಯೇ ಇದೆ. ನಮ್ಮ ಮುತ್ತಾತ ಬಂದ ದಾರಿ ಅದು. ಅವರ ತಂದೆತಾಯಿಗಳು ಅರಿವೊಳಿ ಎಂಬ ಸಾಕ್ಷರತಾ ಚಳವಳಿಯಲ್ಲಿ ದುಡಿದವರು. ಅಜ್ಜಿ ವಳ್ಳಿಯಮ್ಮಾಳ್ ಸಿಂಹಳದ ಚಹಾ ತೋಟದಲ್ಲಿ ಕೂಲಿ ಮಾಡಿ ಬಂದವರು. 2021ರಲ್ಲಿ ಲೋಕವೆಲ್ಲ ಕೇಳಿದ ‘ಎಂಜಾಯ್ ಎಂಜಾಮಿ’ ಎಂಬ ಹಾಡಿನ ಬೇರು ಆ ಅಜ್ಜಿಯ ಬದುಕಿನಲ್ಲಿದೆ. ಎಂಜಿನಿಯರಿಂಗ್ ಓದಿದ ಮೊಮ್ಮಗ ಅಜ್ಜಿಯ ಮಾತನ್ನು ಬಿಡಲಿಲ್ಲ.

ಆದರೆ ಅದಕ್ಕೂ ಎರಡು ವರ್ಷ ಮೊದಲಿನ ‘ತೆರುಕ್ಕುರಲ್’ ಅಷ್ಟು ನಯವಾದುದಲ್ಲ. ಅದರಲ್ಲಿ ‘ಆಂಟಿ ಇಂಡಿಯನ್’ ಎಂಬ ಒಂದು ಹಾಡಿದೆ. ಪ್ರಶ್ನೆ ಕೇಳಿದವರಿಗೆಲ್ಲ ದೇಶದ್ರೋಹಿಯೆಂಬ ಪಟ್ಟ ಕಟ್ಟುವ ಚಾಳಿಯನ್ನು ಅದು ಎದುರು ನಿಂತು ಪ್ರಶ್ನಿಸುತ್ತದೆ. ‘ಸ್ನೋಲಿನ್’ ಎಂಬುದು ಇನ್ನೊಂದು. 2018ರ ಮೇ 22ರಂದು ತೂತ್ತುಕುಡಿಯಲ್ಲಿ ತಾಮ್ರದ ಕಾರ್ಖಾನೆಯ ವಿರುದ್ಧ ಮೆರವಣಿಗೆ ಹೊರಟ ಜನರ ಮೇಲೆ ಪೋಲೀಸರು ಗುಂಡು ಹಾರಿಸಿದರು. ಹದಿಮೂರು ಮಂದಿ ಸತ್ತರು. ಸ್ನೋಲಿನ್ ಅವರಲ್ಲೊಬ್ಬಳು, ಎಳೆಯ ಹುಡುಗಿ. ಇತಿಹಾಸದ ವಿದ್ಯಾರ್ಥಿನಿಯಾದ ನಾನು ಘಟನೆಗಳನ್ನು ಇಸವಿಯಿಂದ ನೆನಪಿಡುತ್ತೇನೆ. ಇಸವಿ ಮರೆತರೂ ಈ ಹೆಸರನ್ನು ಮರೆಯದಂತೆ ಆ ಹಾಡು ಮಾಡಿತು.

ನಾದದ ವಿಷಯ ಹೇಳದಿದ್ದರೆ ಜೋಡಿಯಲ್ಲಿ ಒಬ್ಬರಿಗೆ ಅನ್ಯಾಯವಾದೀತು. ಮಾತು ಹೀಗೆ ಧಾವಿಸುವಾಗ ಕೆಳಗಿನ ತಾಳ ನಿಂತಲ್ಲಿ ನಿಂತಿರಬೇಕು. ತಾತ ಹೇಳುತ್ತಿದ್ದರು: ಬಂಡೆಗೆ ತೂತು ಕೊರೆಯುವಾಗ ಯಂತ್ರ ಹಿಡಿದವನದು ಎಲ್ಲರಿಗೂ ಕಾಣುವ ಕೆಲಸ, ಪಕ್ಕದಲ್ಲಿ ನಿಂತು ಕಂಬಿ ಅಲುಗದಂತೆ ನೋಡಿಕೊಳ್ಳುವ ಜೊತೆಗಾರ ಕೈ ತಪ್ಪಿದರೆ ಕೆಲಸ ಕೆಟ್ಟಿತು. ಆಫ್ರೋ ಅವರದು ಆ ಜೊತೆಗಾರನ ಕೆಲಸ. ಅವರ ನಾದ ಮಾತನ್ನು ಮುಚ್ಚುವುದಿಲ್ಲ, ಮಾತಿಗೆ ಸಕ್ಕರೆ ಸವರುವುದೂ ಇಲ್ಲ. ಸ್ಥಿರವಾಗಿ ಹಿಡಿದು ನಿಲ್ಲಿಸುತ್ತದೆ.

ಇದು ಸಂಗೀತವೇ ಎಂದು ನಮ್ಮ ಹಿರಿಯರೊಬ್ಬರು ಕೇಳಿದರು. ಬೈಗುಳಕ್ಕೆ ತಾಳ ಹಾಕಿದರೆ ಹಾಡಾಗುವುದೇ ಎಂದರು. ಆಕ್ಷೇಪಣೆ ಗಂಭೀರವಾದುದು, ನಗೆಯಲ್ಲಿ ತೇಲಿಸಲಾಗದು. ಈ ಕಲೆಯಲ್ಲಿ ಬರಿಯ ಬಡಾಯಿ, ಹಣದ ಜಂಭ, ಹೆಣ್ಣನ್ನು ಹೀಗಳೆಯುವ ಮಾತು ಇವು ಧಾರಾಳವಾಗಿವೆ. ಹುಡುಗಿಯಾದ ನನಗೆ ಅವುಗಳನ್ನು ಕೇಳಿ ಎಷ್ಟೋ ಸಲ ಇಯರ್‌ಫೋನು ಕಿತ್ತೆಸೆಯಬೇಕೆನಿಸಿದೆ. ಆದರೆ ಬಿರುಸು ಬೇರೆ, ಕೊಳಕು ಬೇರೆ. 1975ರಲ್ಲಿ ಸಿದ್ಧಲಿಂಗಯ್ಯನವರ ಮೊದಲ ಸಂಕಲನ ‘ಹೊಲೆಮಾದಿಗರ ಹಾಡು’ ಬಂದಾಗಲೂ ಇದು ಕಾವ್ಯವೇ ಎಂಬ ಪ್ರಶ್ನೆಯನ್ನು ಅದು ಎದುರಿಸಬೇಕಾಯಿತೆಂದು ತರಗತಿಯಲ್ಲಿ ಕೇಳಿದ್ದೇನೆ. ಇಂದು ಅದಿಲ್ಲದೆ ಕನ್ನಡ ಸಾಹಿತ್ಯದ ಪಾಠ ಪೂರ್ಣವಾಗುವುದಿಲ್ಲ. ನಮ್ಮ ಕೋಲಾರ ಜಿಲ್ಲೆಯ ಕೋಟಿಗಾನಹಳ್ಳಿ ರಾಮಯ್ಯನವರ ಹೋರಾಟದ ಹಾಡುಗಳು ಸಭಾಂಗಣಕ್ಕಿಂತ ಮೊದಲು ಬೀದಿಯಲ್ಲಿ ಹಾಡಿಸಿಕೊಂಡವು. ಸಾವಿನ ಮನೆಯ ಮುಂದೆ ಬಾರಿಸುವ ವಾದ್ಯವೆಂದು ದೂರ ಇಟ್ಟಿದ್ದ ತಮಟೆಗೆ, ಹಳೆಯ ಕೋಲಾರ ಜಿಲ್ಲೆಯದೇ ಆದ ಪಿಂಡಿಪಾಪನಹಳ್ಳಿಯ ಮುನಿವೆಂಕಟಪ್ಪನವರ ಕೈಯಿಂದ 2023ರಲ್ಲಿ ಪದ್ಮಶ್ರೀ ಬಂತು. ತಮಟೆ ಬದಲಾಗಲಿಲ್ಲ, ಕೇಳುವ ಕಿವಿ ಬದಲಾಯಿತು.

ಇನ್ನೊಂದು ಸಂಬಂಧವನ್ನು ನಾನು ಪಠ್ಯಪುಸ್ತಕದ ಹೊರಗೆ ಕಂಡುಕೊಂಡೆ. ಅರಿವು ಅವರು ಮೊದಲು ಹೆಸರಾದದ್ದು 2018ರ ಜನವರಿಯಲ್ಲಿ ಚೆನ್ನೈಯಲ್ಲಿ ವೇದಿಕೆಯೇರಿದ ‘ದಿ ಕ್ಯಾಸ್ಟ್‌ಲೆಸ್ ಕಲೆಕ್ಟಿವ್’ ಎಂಬ ತಂಡದಲ್ಲಿ. ಚಿತ್ರನಿರ್ದೇಶಕ ಪಾ. ರಂಜಿತ್ ಅವರು ಕಟ್ಟಿಸಿದ ತಂಡ ಅದು. ಜಾತಿಯಿಲ್ಲದವರು ಎಂಬ ಆ ಹೆಸರಿನ ಹಿಂದೆ ಪಂಡಿತ ಅಯೋತ್ತಿದಾಸರ ವಿಚಾರವಿದೆ. ಬೌದ್ಧಧರ್ಮದ ದಾರಿಯಲ್ಲಿ ಜಾತಿಯನ್ನು ಮೀರಬೇಕೆಂದು ಒಂದು ಶತಮಾನದ ಹಿಂದೆಯೇ ಹೇಳಿದವರು ಅವರು. 1907ರಲ್ಲಿ ಒಂದು ಕಾಸಿನ ಪತ್ರಿಕೆಯನ್ನು ಆರಂಭಿಸಿದರು. ಮುಂದೆ ಅದಕ್ಕೆ ‘ತಮಿಳನ್’ ಎಂದು ಹೆಸರಾಯಿತು. ಅವರ ಬೌದ್ಧ ಸಂಘದ ಶಾಖೆ ನಮ್ಮ ಮಾರಿಕುಪ್ಪಂನಲ್ಲಿ ನಡೆಯಿತು. ಅವರು ತೀರಿಕೊಂಡ ಮೇಲೆ ಆ ಪತ್ರಿಕೆ ಕೆಲವು ವರ್ಷ ಹೊರಬಂದದ್ದು ಎಲ್ಲಿಂದ ಗೊತ್ತೆ? ನಮ್ಮ ಕೋಲಾರ ಗೋಲ್ಡ್ ಫೀಲ್ಡ್ಸಿನಿಂದಲೇ. ಗಣಿಯಿಂದ ಮೇಲೆ ಬಂದು, ಮೈ ತೊಳೆದು, ದೀಪದ ಬೆಳಕಿನಲ್ಲಿ ಪತ್ರಿಕೆ ಓದಿದವರ ಊರು ಇದು. 2018ರಲ್ಲಿ ತೆರೆಗೆ ಬಂದ ಸಿನಿಮಾದಿಂದ ನಮ್ಮ ಊರಿನ ಹೆಸರು ದೇಶಕ್ಕೆಲ್ಲ ತಿಳಿಯಿತು, ಸಂತೋಷ. ಆದರೆ ಹೊರಗಿನವರು ಇಲ್ಲಿ ಚಿನ್ನವನ್ನೂ ಬಂದೂಕನ್ನೂ ಮಾತ್ರ ಹುಡುಕುತ್ತಾರೆ. ಇಲ್ಲಿ ಒಂದು ಅಚ್ಚುಕೂಟವಿತ್ತೆಂದು, ಕೂಲಿಕಾರರು ಕಾಸು ಕೂಡಿಸಿ ಪತ್ರಿಕೆ ನಡೆಸಿದರೆಂದು ಹೇಳಿದರೆ ನಂಬುವುದಿಲ್ಲ. ಅರಕ್ಕೋಣದ ಹಳಿಯ ಮೇಲೆ ಬಂದ ‘ತೆರುಕ್ಕುರಲ್’ ನನಗೆ ಹೊಸದಾಗಿ ಬಂದಂತೆ ಕಾಣಲಿಲ್ಲ. ಇಲ್ಲಿಂದ ಹೋದದ್ದು ತಿರುಗಿ ಬಂದಂತೆ ಕಂಡಿತು.

ಈಗ ನನ್ನ ಸ್ವಂತ ಉದ್ಯೋಗದ ಮಾತು. ನಮ್ಮ ಲೈನಿನಲ್ಲಿ ಕಾಲೇಜು ಮೆಟ್ಟಿಲು ಹತ್ತಿದವರು ಕಡಿಮೆ. ನಮ್ಮ ಮನೆಯಲ್ಲಿ ನಾನೇ ಮೊದಲು. ಆದುದರಿಂದ ಅರ್ಜಿ ಬರೆಯುವ ಕೆಲಸ ನನ್ನ ಪಾಲಿಗೆ ಬಂದಿದೆ. ಭಾನುವಾರ ನಮ್ಮ ಜಗುಲಿಯ ಮೇಲೆ ಪಾಟಿ, ಅಂದರೆ ನಮ್ಮಜ್ಜಿ, ಚಾಪೆ ಹಾಸುತ್ತಾರೆ. ಮನೆಯ ಹಕ್ಕುಪತ್ರಕ್ಕೆ, ವಿಧವಾ ವೇತನಕ್ಕೆ, ನಲ್ಲಿ ನೀರಿಗೆ, ಕಳೆದುಹೋದ ರೇಷನ್ ಕಾರ್ಡಿಗೆ ಜನ ಬರುತ್ತಾರೆ. ಅವರು ತಮಿಳಿನಲ್ಲಿ ಹೇಳುತ್ತಾರೆ. ನಾನು ಕನ್ನಡದಲ್ಲಿ ಬರೆಯುತ್ತೇನೆ. ‘ಮಾನ್ಯರೇ’ ಎಂದು ಮೊದಲು, ‘ತಮ್ಮ ವಿಧೇಯ’ ಎಂದು ಕೊನೆ. ನಡುವೆ ಹನ್ನೆರಡು ಸಾಲು. ಅಷ್ಟಕ್ಕಿಂತ ಹೆಚ್ಚಾದರೆ ಕಚೇರಿಯಲ್ಲಿ ಯಾರೂ ಓದರು. ನನ್ನ ಅಕ್ಷರ ಗುಂಡಗಿದೆಯೆಂದು ಲೈನಿನಲ್ಲಿ ಹೆಸರಿದೆ.

ಹೋದ ವರ್ಷ ಒಬ್ಬ ಮುದುಕಿ ಬಂದರು. ಗಣಿಯಲ್ಲಿ ದುಡಿದ ಗಂಡ ತೀರಿಕೊಂಡು ಬಹಳ ವರ್ಷವಾಗಿತ್ತು. ಇರುವ ಎರಡು ಕೋಣೆಯ ಮನೆ ತನ್ನ ಹೆಸರಿಗಾಗಬೇಕೆಂಬುದು ಅವರ ಅರ್ಜಿ. ಒಂದು ಗಂಟೆ ಮಾತಾಡಿದರು. ಮದುವೆಯಾಗಿ ಬಂದಾಗ ತಟ್ಟಿಯ ಗೋಡೆಯಿದ್ದುದು, ಭೂಮಿಯೊಳಗೆ ಬಂಡೆ ಸಿಡಿದಾಗ ಒಲೆಯ ಮೇಲಿನ ಪಾತ್ರೆ ನಡುಗಿದ್ದು, ಆಗ ಹೆಂಗಸರೆಲ್ಲ ಮಕ್ಕಳನ್ನು ಎತ್ತಿಕೊಂಡು ಗಣಿಯ ಬಾಯಿಗೆ ಓಡಿದ್ದು, ಕೇಜು ಮೇಲೆ ಬಂದಾಗಲೆಲ್ಲ ಮುಖಗಳನ್ನು ಎಣಿಸಿದ್ದು, ಆ ದಿನ ಗಂಡ ಮೂರನೆಯ ಕೇಜಿನಲ್ಲಿ ಬಂದದ್ದು. ಹೇಳುತ್ತ ಹೇಳುತ್ತ ದನಿ ಒಪ್ಪಾರಿಯ ಧಾಟಿಗೆ ತಿರುಗಿತು. ಸಾವಿನ ಮನೆಯಲ್ಲಿ ಹೆಂಗಸರು ಅಳುತ್ತ ಹಾಡುತ್ತಾರಲ್ಲ, ಆ ಧಾಟಿ. ಪಾಟಿ ಚಾಪೆಯ ಅಂಚಿನ ಮೇಲೆ ಬೆರಳಿನಿಂದ ತಾಳ ಹಿಡಿದರು, ತಮಗೇ ತಿಳಿಯದಂತೆ. ನಾನು ಬರೆದೆ: ‘ಮೇಲ್ಕಂಡ ವಿಳಾಸದಲ್ಲಿ ಸುಮಾರು ಐವತ್ತು ವರ್ಷಗಳಿಂದ ವಾಸವಾಗಿದ್ದು.’ ಮುಗಿಸಿ ಓದಿ ಹೇಳಿ, ಅದನ್ನೇ ತಮಿಳಿನಲ್ಲೂ ವಿವರಿಸಿದೆ. ಅವರು ಕಾಗದವನ್ನು ಕೈಯಲ್ಲಿ ಹಿಡಿದು ಹಿಂದೆಮುಂದೆ ತಿರುಗಿಸಿ ನೋಡಿದರು.

“ಕಣ್ಣು, ನಾನು ಇಷ್ಟು ಹೇಳಿದೆನಲ್ಲ, ಅದೆಲ್ಲ ಎಲ್ಲಿ?” ಎಂದರು.

“ಅದನ್ನೆಲ್ಲ ಅರ್ಜಿಯಲ್ಲಿ ಬರೆಯುವ ಹಾಗಿಲ್ಲ ಆಯಾ, ಆಫೀಸಿನವರು ಕೇಳುವುದು ಇಷ್ಟೇ.”

“ಹಾಗಾದರೆ ಅದನ್ನು ಕೇಳುವವರು ಯಾರು?”

ಅವರು ಕೋಪದಿಂದ ಕೇಳಲಿಲ್ಲ. ವಿಳಾಸ ಕೇಳುವವರಂತೆ ಕೇಳಿದರು. ಅಂಥದೊಂದು ಕಚೇರಿ ಇದ್ದರೆ ಅಲ್ಲಿಗೂ ಒಂದು ಪ್ರತಿ ಕಳುಹಿಸೋಣವೆಂಬಂತಿತ್ತು. ನನ್ನಲ್ಲಿ ಉತ್ತರವಿರಲಿಲ್ಲ. ಅರ್ಜಿ ಸರಿಯಾಗಿಯೇ ಇತ್ತು. ಕಚೇರಿ ಅದನ್ನು ತೆಗೆದುಕೊಂಡಿತು.

ಆ ರಾತ್ರಿ ನನಗೆ ‘ತೆರುಕ್ಕುರಲ್’ ಏಕೆ ಬಿಡದೆ ಕಾಡುತ್ತಿದೆಯೆಂದು ತಿಳಿಯಿತು. ಅದು ಅರ್ಜಿಯಲ್ಲಿ ಸೇರದೆ ಉಳಿದ ಮಾತುಗಳ ಸಂಪುಟ. ‘ಮಾನ್ಯರೇ’ ಇಲ್ಲ, ‘ವಿಧೇಯ’ ಇಲ್ಲ, ಹನ್ನೆರಡು ಸಾಲಿನ ಕಟ್ಟಿಲ್ಲ. ಹೇಳುವವನಿಗೆ ಬೇಕಾದಷ್ಟು, ಹೇಳುವವನ ಧಾಟಿಯಲ್ಲಿ. ಆದರೂ ಅದು ಬರಿಯ ಕೂಗಾಟವಲ್ಲ. ಪ್ರಾಸಕ್ಕೆ ಪ್ರಾಸ ಕೂಡಬೇಕು, ತಾಳ ತಪ್ಪಬಾರದು. ಅರ್ಜಿಗಿಂತ ಅದರ ನಿಯಮ ಕಟ್ಟುನಿಟ್ಟು. ಅರ್ಜಿಯಲ್ಲಿ ಒಂದು ಪದ ಹೆಚ್ಚಾದರೆ ಗುಮಾಸ್ತರು ಸಹಿಸಿಯಾರು. ಅಲ್ಲಿ ತಾಳ ಸಹಿಸುವುದಿಲ್ಲ. ಕೋಪ ಬಂದವರೆ‍ಲ್ಲ ರ್ಯಾಪ್ ಹೇಳಲಾರರು. ಕೋಪವನ್ನು ಎಣಿಸಿ, ತೂಗಿ, ಉಸಿರಿನ ಅಳತೆಗೆ ಕತ್ತರಿಸಿ ಕೂಡಿಸಬಲ್ಲವರು ಮಾತ್ರ ಹೇಳಬಲ್ಲರು.

ಅಂದಿನಿಂದ ನಾನು ಎರಡು ಪುಸ್ತಕ ಇಟ್ಟಿದ್ದೇನೆ. ಒಂದರಲ್ಲಿ ಅರ್ಜಿಗಳ ನಕಲು. ಇನ್ನೊಂದರಲ್ಲಿ ಅರ್ಜಿಯಿಂದ ಹೊರಗುಳಿದದ್ದು: ಹೇಳಿದವರ ಅಪ್ಪಣೆ ಪಡೆದು, ಹೇಳಿದ ಹಾಗೆ, ತಮಿಳಿನ ಮಾತನ್ನು ಕನ್ನಡದ ಅಕ್ಷರದಲ್ಲಿ, ಕೆಳಗೆ ಕನ್ನಡದ ಅರ್ಥದೊಡನೆ. ಈವರೆಗೆ ಎಪ್ಪತ್ತು ಪುಟವಾಗಿದೆ. ಮುದುಕಿಯ ಮೂರನೆಯ ಕೇಜು ಮೊದಲ ಪುಟದಲ್ಲಿದೆ.

ಪರೀಕ್ಷೆ ಮುಗಿದ ಮೇಲೆ ಏನು ಎಂದು ಎಲ್ಲರೂ ಕೇಳುತ್ತಾರೆ. ಅಪ್ಪ ಒಂದು ಕಂಪನಿಯಲ್ಲಿ ಮಾತಾಡಿಟ್ಟಿದ್ದಾರೆ. ಬೆಳಗಿನ ರೈಲಿಗೆ ಇನ್ನೊಬ್ಬಳು ಸೇರಿಕೊಳ್ಳಬೇಕು. ಅವರನ್ನು ನಾನು ದೂರುವಂತಿಲ್ಲ. ಮೂರು ವರ್ಷ ನನ್ನ ಬಸ್ಸಿನ ಚೀಟಿ, ಪುಸ್ತಕ, ಪರೀಕ್ಷೆಯ ಶುಲ್ಕ ಎಲ್ಲ ಆ ರೈಲಿನಿಂದ ಇಳಿದು ಬಂದ ದುಡ್ಡು. ನನಗೆ ಕನ್ನಡ ಎಂ.ಎ. ಓದಬೇಕೆಂಬ ಆಸೆ. ತಮಿಳು ಮನೆಯ ಹುಡುಗಿ ಕನ್ನಡ ಎಂ.ಎ. ಮಾಡಿ ಯಾರಿಗೆ ಪಾಠ ಹೇಳುವಳೆಂದು ನೆಂಟರು ನಗುತ್ತಾರೆ. ಓದಿದವಳು ಲೈನಿನ ಮಾತನ್ನು ಮರೆತರೆ ಮಾತ್ರ ಓದು ಸಾರ್ಥಕ ಎಂಬಂತೆ ಸಲಹೆ ಕೊಡುವವರೂ ಇದ್ದಾರೆ: ಊರಿನ ಹೆಸರು ಕೇಳಿದರೆ ಬೆಂಗಳೂರಿನ ಹತ್ತಿರ ಎನ್ನು, ಸಾಕು. ಹಾಗೆನ್ನುವುದು ಸುಲಭ. ಆದರೆ ಡಿಗ್ರಿ ಎಂಬುದು ಕೊರಳಿಗೆ ಹಾಕಿಕೊಳ್ಳುವ ಹಾರವಾದರೆ ಸರಿ; ಕೊರಳನ್ನು ಬಿಗಿಯುವ ಹಗ್ಗವಾದರೆ ಹೇಗೆ?

ಈ ಮಾತನ್ನು ಅಣ್ಣನ ಮುಂದಿಟ್ಟೆ. ಅವನು ಪುಸ್ತಕ ತೆಗೆದು ನಿಧಾನವಾಗಿ ಓದಿದ. ಓದುತ್ತ ಮೊಣಕಾಲ ಮೇಲೆ ಬೆರಳು ಆಡಿಸುತ್ತಿದ್ದ. ರೈಲಿನ ತಾಳವೋ, ತಮಟೆಯ ತಾಳವೋ ತಿಳಿಯಲಿಲ್ಲ. ಎಂಟು ವರ್ಷಗಳ ಹಿಂದೆ ಓದು ಬಿಟ್ಟವನಂತೆ ಅವನು ಓದಲಿಲ್ಲ. ಎಲ್ಲಿ ಉಸಿರು ನಿಲ್ಲಬೇಕೋ ಅಲ್ಲಿ ನಿಲ್ಲಿಸಿದ. “ಪಾಪಾ, ಇಲ್ಲಿ ಒಂದು ಮಾತು ಹೆಚ್ಚಾಯಿತು, ತೆಗೆ” ಎಂದ. ತೆಗೆದು ನೋಡಿದರೆ ಸರಿಯಾಗಿತ್ತು. “ಅರ್ಜಿ ಹಾಕು ಎಂ.ಎ.ಗೆ. ಒಂದೆರಡು ವರ್ಷ ರೈಲು ನಾನೊಬ್ಬನೇ ಹತ್ತುತ್ತೇನೆ. ಅಪ್ಪನಿಗೆ ನಾನು ಹೇಳುತ್ತೇನೆ” ಎಂದ.

ಅಪ್ಪ ಇನ್ನೂ ಒಪ್ಪಿಲ್ಲ. ಈ ಸಂಚಿಕೆ ಅಚ್ಚಾಗುವ ಹೊತ್ತಿಗೆ ಒಪ್ಪಿರಬಹುದು, ಒಪ್ಪದಿರಲೂಬಹುದು. ಅರ್ಜಿಯನ್ನಂತೂ ತುಂಬಿಟ್ಟಿದ್ದೇನೆ. ಅದರಲ್ಲಿ ‘ಮಾತೃಭಾಷೆ’ ಎಂಬ ಕಡೆ ತಮಿಳು ಎಂದೂ, ‘ಓದಬಯಸುವ ವಿಷಯ’ ಎಂಬ ಕಡೆ ಕನ್ನಡ ಎಂದೂ, ‘ಸ್ಥಳ’ ಎಂಬ ಕಡೆ ನಂದಿದುರ್ಗ ಎಂದೂ ಗುಂಡಗಿನ ಅಕ್ಷರದಲ್ಲಿ ಬರೆದಿದ್ದೇನೆ. ಮೂರೂ ಒಂದೇ ಪುಟದಲ್ಲಿ ಚೆನ್ನಾಗಿಯೇ ಹೊಂದಿಕೊಂಡಿವೆ.